ಮ್ಯಾನೇಜರ್ ಕಾಟ ತಡ್ಕೊಳೋಕಾಗ್ತಿಲ್ಲ, ಕೆಲ್ಸ ಬಿಡೋಕೂ ಬಿಡ್ತಿಲ್ಲ, ಏನ್ ಮಾಡ್ಲಿ?

ಹರಿಹರದ ಹುಡ್ಗ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ಪ್ಲೀಸ್. ನಾನು ಬಿಕಾಂ ಮುಗಿಸ್ಕೊಂಡು ಒಂದು ಮೈಕ್ರೋಫೈನಾನ್ಸ್ ಕಂಪನೀಲಿ ಫೀಲ್ಡ್ ಆಫೀಸರ್ ಆಗಿದೀನಿ, ಕಂಪನಿ ಹೆಸ್ರು ಕೇಳ್ಬೇಡಿ. ದಾವಣಗೆರೆ ಜಿಲ್ಲೇಲೇ ಬ್ರಾಂಚು. ಹಳ್ಳಿ ಕಡೆ ಹೆಣ್ಮಕ್ಕಳ ಸಂಘಗಳಿಗೆ ಸಾಲ ಕೊಡಿಸೋದು, ವಾರವಾರ ಹೋಗಿ ಕಂತು ಕಲೆಕ್ಟ್ ಮಾಡೋದು ಕೆಲ್ಸ. ಮೊದ್ಲಿದ್ದ ಬಿಎಂ (ಬ್ರಾಂಚ್ ಮ್ಯಾನೇಜರ್) ಒಳ್ಳೇರು, ಬೈದ್ರೂ ಒಳಗೆ ಕರ್ದು ಬೈತಿದ್ರು. ಅವ್ರು ಟ್ರಾನ್ಸ್‌ಫರ್ ಆಗಿ ಹೊಸಬ್ರು ಬಂದ್ಮೇಲೆ ನನ್ ನಿದ್ದೆ ಹೋಯ್ತು.

ದಿನಪೂರ್ತಿ ವಾಟ್ಸಾಪಲ್ಲಿ ಲೈವ್ ಲೊಕೇಶನ್ ಆನ್ ಇರ್ಬೇಕು. ಊಟಕ್ಕೆ ಅಂತ ಒಂದ್ ಕಡೆ ಸ್ವಲ್ಪ ಹೊತ್ತು ನಿಂತ್ರೆ "ಯಾಕಲೇ ಅಲ್ಲೇ ಬಿದ್ದಿದೀಯ" ಅಂತ ಗ್ರೂಪಲ್ಲೇ ಹಾಕ್ತಾರೆ, ಎಲ್ರ ಮುಂದೆ. ಯಾರಾದ್ರೂ ಕಂತು ಕಟ್ಲಿಲ್ಲ ಅಂದ್ರೆ ರಾತ್ರಿ ಎಂಟಾದ್ರೂ ಒಂಬತ್ತಾದ್ರೂ ಅವ್ರ ಮನೆ ಮುಂದೆ ಕೂತ್ಕೊಂಡಿರ್ಬೇಕಂತೆ, ದುಡ್ಡಿಲ್ದೆ ಬ್ರಾಂಚಿಗೆ ಬರ್ಬೇಡ ಅಂತಾರೆ. ಇದೆಲ್ಲಾ ಫೋನಲ್ಲೇ ಹೇಳೋದು, ಮೆಸೇಜಲ್ಲಿ ಒಂದು ಅಕ್ಷರ ಹಾಕಲ್ಲ. ದುಡ್ಡು ಬರ್ಲಿಲ್ಲ ಅಂದ್ರೆ "ಇವತ್ತು ನಿನ್ ಕೈಯಿಂದ ಹಾಕು, ನಾಳೆ ಅವ್ರ ಹತ್ರ ಇಸ್ಕೋ". ಆ ನಾಳೆ ಬರಲ್ಲ. ಸಂಬಳದಲ್ಲಿ ಎಷ್ಟು ಹಿಂಗೇ ಹೋಗಿದೆ ಅಂತ ಲೆಕ್ಕ ಹಾಕೋಕೂ ಭಯ ಆಗುತ್ತೆ.

ರಿಸೈನ್ ಮಾಡ್ತೀನಿ ಸಾರ್ ಅಂದ್ರೆ "ನಿನ್ ಓಡಿ (ಓವರ್‌ಡ್ಯೂ, ಬಾಕಿ ಬಿದ್ದಿರೋ ಕಂತು) ಎಲ್ಲಾ ಕ್ಲಿಯರ್ ಮಾಡು, ಆಮೇಲೆ ನೋಡಣ" ಅಂತಾರೆ. ಸೇರುವಾಗ ಎಸೆಸೆಲ್ಸಿ, ಪಿಯುಸಿ, ಡಿಗ್ರಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಇಸ್ಕೊಂಡಿದಾರೆ, ಕೊಡಲ್ಲ ಅಂತಾರೆ. ಅಪ್ಪಂಗೆ ಹೇಳಿದ್ರೆ ಎಲ್ಲಾ ಕಡೆ ಹಿಂಗೇ ಇರುತ್ತೆ, ತಗ್ಗಿ ಬಗ್ಗಿ ಹೋಗು ಅಂತಾರೆ. ಯಾರಿಗಾದ್ರೂ ಹಿಂಗಾಗಿದ್ಯಾ? ಹೆಂಗೆ ಹ್ಯಾಂಡಲ್ ಮಾಡಿದ್ರಿ?

ನೈಟ್ ಶಿಫ್ಟ್
ಬಿಟ್ಟಾಕು ಗುರು. ಇಂಥ ಕಡೆ ಒಂದಿನಾನೂ ಇರ್ಬಾರ್ದು.

ಹುಬ್ಳಿ ಮಂದಿ
ಬಿಟ್ಟಾಕು ಅನ್ನಾಕ ಏನ್ ರೊಕ್ಕ ಹತ್ತತೈತಿ? ಅವನ ಮಾರ್ಕ್ಸ್ ಕಾರ್ಡ್ ಅವರ ಕಪಾಟಿನ್ಯಾಗ ಐತಿ, ಪೂರ್ತಿ ಓದಿ ಮಾತಾಡ್ರಿ ಸ್ವಲ್ಪ.

ತಮ್ಮಾ, ನಾ ಗೋಕುಲ ರೋಡಿನ ಒಂದ್ ಫ್ಯಾಕ್ಟರಿಯಾಗ ಅಕೌಂಟ್ಸ್ ನೋಡ್ತೀನಿ. ನಮ್ ಮ್ಯಾನೇಜರ್ ಮಾಲಕರ ಅಳಿಯ. ಜಿಎಸ್‌ಟಿ ತ್ರೀಬಿ ರಿಟರ್ನ್ ತುಂಬಾಕ 20ನೇ ತಾರೀಖು ಕಡೀ ದಿನಾ ಇದ್ರ ಇಂವಾ 20ಕ್ಕ ಸಂಜಿ ಏಳಕ್ಕ ಬಿಲ್ ತಂದು ಟೇಬಲ್ ಮ್ಯಾಲ ಒಗೀತಾನ, ತಡಾ ಆಗಿ ದಂಡ ಬಿದ್ರ ಮಾವನ ಮುಂದ ನನ್ ಹೆಸರ ಹೇಳ್ತಾನ. ಜಗಳಾ ಆಡಿ ಉಪಯೋಗ ಇಲ್ಲ, ಅಳಿಯ ಅಂದ್ರ ಅಳಿಯಾನ. ಅದಕ್ಕ ತಿಂಗಳಾ 12ಕ್ಕ ಒಂದ್ ಮೇಲ್ ಹಾಕ್ತೀನಿ, ಇಂಥಿಂಥಾ ಬಿಲ್ ಬಂದಿಲ್ರಿ ಅಂತ. 16ಕ್ಕ ಇನ್ನೊಂದು, ಅದಕ್ಕ ಮಾಲಕರಿಗೆ ಸಿಸಿ. ಬಾಯಿ ಮಾಡಂಗಿಲ್ಲ, ನಮಸ್ಕಾರ ಸರ್ ಅಂತಾನ ಬರೀತೀನಿ. ಈಗ ಬಿಲ್ 15ಕ್ಕ ಬರ್ತಾವ. ಅಂವಾ ಬದಲಾಗಿಲ್ಲ, ಮಾತಾಡ್ಸೂದು ಬಿಟ್ಟಾನ, ಅದೂ ಛಲೋನ ಆತು.

ಬೀದಿ ವಕೀಲ
ಹರಿಹರದವ್ರೇ, ನಿಮ್ಮ ಪೋಸ್ಟಲ್ಲಿ ಮ್ಯಾನೇಜರ್ ಕಾಟ ಅಂತ ಬರ್ದಿದೀರ, ಅದಕ್ಕಿಂತ ದೊಡ್ಡ ವಿಷಯ ಅದ್ರಲ್ಲೇ ಇದೆ, ನಿಮ್ಗೆ ಕಾಣಿಸ್ತಿಲ್ಲ. ಮೈಕ್ರೋಫೈನಾನ್ಸ್ ಸಾಲದ ಬಗ್ಗೆ ಆರ್‌ಬಿಐ 2022ರಲ್ಲಿ ಮಾಡಿದ ನಿಯಮದಲ್ಲಿ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಸಾಲಗಾರರಿಗೆ ಫೋನ್ ಮಾಡೋದನ್ನೇ ಕಠಿಣ ವಸೂಲಿ ಅಂತ ಸೇರಿಸಿದಾರೆ. ನೀವು ರಾತ್ರಿ ಒಂಬತ್ತಕ್ಕೆ ಮನೆ ಮುಂದೆ ಕೂರ್ತಿದೀರ! ಆಮೇಲೆ 2025 ಫೆಬ್ರವರೀಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯೋಕೆ ಸುಗ್ರೀವಾಜ್ಞೆ ತಂತಲ್ಲ, ಅದ್ರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದಾರೆ. ಅದು ಬಿಟ್ರೂ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಇದೆ. ಆ ಮನೇಲಿ ಯಾರಾದ್ರೂ ಏನಾದ್ರೂ ಮಾಡ್ಕೊಂಡ್ರೆ 108 ಹಾಕ್ತಾರೆ, ಆತ್ಮಹತ್ಯೆಗೆ ಪ್ರಚೋದನೆ.

ಆಗ ಎಫ್‌ಐಆರಲ್ಲಿ ಯಾರ ಹೆಸ್ರು ಬರುತ್ತೆ? ಊರವ್ರು ನೋಡಿರೋದು ನಿಮ್ ಮುಖ, ನಿಮ್ ಬೈಕು. ಬಿಎಂ ಸಾಹೇಬ್ರು "ನಾನು ಹಂಗ್ ಹೇಳೇ ಇಲ್ಲ" ಅಂತಾರೆ, ಫೋನಲ್ಲೇ ಹೇಳೋದು ಅದಕ್ಕೇ ಸ್ವಾಮಿ. ಲೈವ್ ಲೊಕೇಶನ್ ಬೇರೆ ಕೊಟ್ಟಿದೀರ, ನೀವು ಅಲ್ಲಿದ್ರಿ ಅನ್ನೋಕೆ ಅದೇ ಸಾಕ್ಷಿ.

ಹರಿಹರದ ಹುಡ್ಗ
ಸಾರ್ ಇದು ಓದಿ ಕೈ ನಡುಗ್ತಿದೆ. ನಾನು ಯಾರಿಗೂ ಹೆದ್ರಿಸಿಲ್ಲ ಸಾರ್, ಸುಮ್ನೆ ಕಟ್ಟೆ ಮೇಲೆ ಕೂತಿರ್ತೀನಿ ಅಷ್ಟೇ.

ಸಂಘದ ಮಗಳು
ಸುಮ್ನೆ ಕೂತಿರ್ತೀನಿ ಅಂತೆ. ಅಣ್ಣಾ, ನಮ್ಮಮ್ಮ ಇಂಥದ್ದೇ ಒಂದು ಸಂಘದಲ್ಲಿ ಇದಾಳೆ, ನಮ್ದು ರಾಣೆಬೆನ್ನೂರು ಕಡೆ. ನೀವು ಕಟ್ಟೆ ಮೇಲೆ ಸುಮ್ನೆ ಕೂತ್ರೆ ಒಳಗೆ ನಮ್ಗೆ ಒಲೆ ಹಚ್ಚೋಕೂ ನಾಚಿಕೆ ಆಗುತ್ತೆ. ಓಣಿ ಪೂರಾ ನೋಡುತ್ತೆ. ಸಂಘದ ಉಳಿದೋರು ಬಂದು ನಿನ್ನಿಂದ ನಮ್ಗೂ ಸಾಲ ಸಿಗಲ್ಲ ಅಂತ ಬೈತಾರೆ. ಒಂದ್ಸಲ ನಮ್ಮಮ್ಮ ಹಿತ್ಲ ಬಾಗಿಲಿಂದ ಹೋಗಿ ಪಕ್ಕದ ಮನೇಲಿ ಕೂತಿದ್ಲು, ನಾನು ಪಿಯುಸಿ ಪರೀಕ್ಷೆಗೆ ಓದ್ತಿದ್ದೆ, ಅಮ್ಮ ಊರಿಗೆ ಹೋಗಿದಾಳೆ ಅಂತ ನನ್ ಕೈಲೇ ಹೇಳಿಸಿದ್ಲು. ನಿಮ್ಗೆ ಮ್ಯಾನೇಜರ್ ಕಾಟ, ನಮ್ಗೆ ನಿಮ್ ಕಾಟ. ನಿಮ್ ಕಷ್ಟ ಕೇಳೋಕೆ ಇಷ್ಟು ಜನ ಬಂದ್ರಲ್ಲ, ಅದಕ್ಕೇ ಹೇಳಿದೆ.

ನೈಟ್ ಶಿಫ್ಟ್
ಸೈಲೆಂಟ್ ಆಗೋಯ್ತು ಥ್ರೆಡ್

ಹಳೇ ಬಿಎಂ
ನಾನು ಮೂರು ಜಿಲ್ಲೇಲಿ ಬ್ರಾಂಚ್ ಮ್ಯಾನೇಜರ್ ಆಗಿದ್ದೋನು, ಈಗ ಆ ಲೈನ್ ಬಿಟ್ಟು ಊರಲ್ಲಿ ಗೊಬ್ಬರದ ಅಂಗಡಿ ಇಟ್ಕೊಂಡಿದೀನಿ. ಎಲ್ರೂ ಬಿಎಂಗೆ ಬೈತಿದೀರ, ಬೈರಿ, ಆದ್ರೆ ಒಳಗೆ ಹೆಂಗ್ ನಡಿಯುತ್ತೆ ಅಂತಾನೂ ತಿಳ್ಕೊಳಿ. ಬೆಳಿಗ್ಗೆ ಏರಿಯಾ ಮ್ಯಾನೇಜರ್ ಕಾಲು, ಮಧ್ಯಾಹ್ನ ಡಿವಿಜನ್‌ದು, ರಾತ್ರಿ ಮತ್ತೆ ವಿಡಿಯೋ ಕಾಲು. ಒಬ್ಬೊಬ್ರು ಬಿಎಂ ಹೆಸ್ರು ಕರ್ದು ಇವತ್ತಿನ ಡಿಮ್ಯಾಂಡ್ ಎಷ್ಟು, ಕಲೆಕ್ಷನ್ ಎಷ್ಟು, ಯಾಕೆ ಬಾಕಿ. ಎಲ್ರ ಮುಂದೆ ಎದ್ದು ನಿಲ್ಸಿ ಬೈತಾರೆ, ಮದ್ವೆ ಆಗಿ ಮಕ್ಳಿರೋ ಗಂಡಸ್ರು ಕಣ್ಣೀರು ಹಾಕ್ಕೊಂಡಿದ್ದು ನೋಡಿದೀನಿ. ಅಲ್ಲಿಂದ ಫೋನ್ ಇಟ್ಟ ಕೂಡ್ಲೇ ಬಿಎಂ ಏನ್ ಮಾಡ್ತಾನೆ, ಎಫ್‌ಒಗೆ, ಅಂದ್ರೆ ಫೀಲ್ಡ್ ಆಫೀಸರ್‌ಗೆ ಫೋನ್ ಮಾಡ್ತಾನೆ.

ಅಸಲಿ ಗಲಾಟೆ ವಸೂಲೀಲಿಲ್ಲ, ಸಾಲ ಕೊಡೋದ್ರಲ್ಲಿದೆ. ಒಂದು ಮನೇಗೆ ಬರೋ ತಿಂಗಳ ಆದಾಯದಲ್ಲಿ ಎಲ್ಲಾ ಸಾಲದ ಕಂತು ಸೇರಿ ಅರ್ಧ ದಾಟಬಾರ್ದು ಅಂತ ಆರ್‌ಬಿಐ ರೂಲಿದೆ. ಡಿಸ್ಬರ್ಸ್‌ಮೆಂಟ್ ಟಾರ್ಗೆಟ್, ಅಂದ್ರೆ ಇಷ್ಟು ಸಾಲ ಕೊಡ್ಲೇಬೇಕು ಅಂತ ಬಂದಾಗ ಆ ಆದಾಯದ ಕಾಲಂ ರಬ್ಬರ್ ಆಗುತ್ತೆ, ಎಳ್ದಷ್ಟು ಬರುತ್ತೆ. ಒಂದು ಎಮ್ಮೆ ಇದ್ರೆ ಎರಡು ಅಂತ ಬರೀ, ಗಂಡ ಗಾರೆ ಕೆಲ್ಸಕ್ಕೆ ಹೋದ್ರೆ ತಿಂಗಳು ಪೂರ್ತಿ ಹೋಗ್ತಾನೆ ಅಂತ ಬರೀ. ಮಳೆಗಾಲದಲ್ಲಿ ಗಾರೆ ಕೆಲ್ಸ ಎಲ್ಲಿರುತ್ತೆ? ಹಂಗ್ ಕೊಟ್ಟ ಸಾಲ ವಾಪಸ್ ಬರಲ್ಲ ಅಂತ ಕೊಡೋವಾಗ್ಲೇ ಎಲ್ರಿಗೂ ಗೊತ್ತಿರುತ್ತೆ.

ಸಂಘದ ಮಗಳು
ಗೊತ್ತಿದ್ರೂ ಕೊಟ್ರಿ. ಸಹಿ ಮಾಡ್ಸೋವಾಗ ಅಕ್ಕ ಅಕ್ಕ ಅಂತಿದ್ರಿ.

ಹಳೇ ಬಿಎಂ
ಹೌದಮ್ಮ, ಕೊಟ್ವಿ. ನೀನು ಹೇಳೋದು ಸುಳ್ಳು ಅಂತ ನಾನೇನೂ ಹೇಳ್ಲಿಲ್ಲ.

ಕುಡ್ಲದವ
ಬಿಎಂ ಸಾರ್, ಮೇಲಿನವರು ಬೈಯ್ತಾರೆ ಎಂದು ಕೆಳಗಿನವರಿಗೆ ಬೈಯ್ಲೇಬೇಕು ಎಂದು ಯಾವ ಸರ್ಕ್ಯುಲರಿನಲ್ಲಿ ಉಂಟು ಮಾರಾಯ್ರೆ? ನಾನು ಬ್ಯಾಂಕಿನವ. ನಮಗೂ ಟಾರ್ಗೆಟ್ ಉಂಟು. ಈಗ ಸಾಲಕ್ಕಿಂತ ಇನ್ಶೂರೆನ್ಸ್ ಮಾರುವ ಕಾಟ ಜಾಸ್ತಿ, ಎಫ್‌ಡಿ ಮಾಡ್ಲಿಕ್ಕೆ ಬಂದ ಅಜ್ಜಿಗೆ ಪಾಲಿಸಿ ಕೊಡು ಎನ್ನುತ್ತಾರೆ. ನಮ್ಮ ಹಿಂದಿನ ಮ್ಯಾನೇಜರ್ರು ಇದ್ದರು, ಜೋನಲ್ ಆಫೀಸಿನಿಂದ ಫೋನ್ ಬಂದರೆ ಕೇಳಿಸಿಕೊಂಡು, ಹ್ಞೂ ಸಾರ್ ಹ್ಞೂ ಸಾರ್ ಹೇಳಿ ಇಡುವುದು, ಮತ್ತೆ ಹೊರಗೆ ಬಂದು ಚಾ ಕುಡಿಯುವ ಬನ್ನಿ ಎನ್ನುವುದು. ಅವರ ಬ್ರಾಂಚಿನ ನಂಬರ್ ಕೆಟ್ಟದೇನೂ ಇರಲಿಲ್ಲ. ರಿಟೈರ್ ಆಗುವಾಗ ಕ್ಯಾಶಿಯರ್ ಅತ್ತಿದ್ದಾರೆ.

ನೈಟ್ ಶಿಫ್ಟ್
ಅಂಥ ಮ್ಯಾನೇಜರ್ ಈಗಿನ ಕಾಲದಲ್ಲಿ ಸಿಗಲ್ಲ ಸಾರ್. ನಮ್ಮಲ್ಲಿ ಶನಿವಾರ ರಾತ್ರಿ ಹನ್ನೊಂದಕ್ಕೆ "ಫ್ರೀ ಇದೀಯಾ, ಐದೇ ನಿಮಿಷ" ಅಂತ ಮೆಸೇಜು. ಆ ಐದು ನಿಮಿಷ ಭಾನುವಾರ ಮಧ್ಯಾಹ್ನ ಮುಗಿಯುತ್ತೆ. ದೊಡ್ಡೋರೇ ವಾರಕ್ಕೆ 70 ಗಂಟೆ, 90 ಗಂಟೆ ದುಡೀರಿ ಅಂತ ಹೇಳ್ಕೊಂಡು ಓಡಾಡ್ತಾರೆ, ಭಾನುವಾರ ಮನೇಲಿ ಹೆಂಡ್ತಿ ಮುಖ ಎಷ್ಟೊತ್ತು ನೋಡ್ತೀರ ಅಂತಾರೆ. ನಂಗೆ ಹೆಂಡ್ತೀನೇ ಇಲ್ಲ, ಆ ವಾದನೂ ಮಾಡೋಂಗಿಲ್ಲ.

ಮಲ್ಲೇಶ್ವರಂ ಆಂಟಿ
ಹೆಂಡ್ತಿ ಇಲ್ದಿರೋದು ಆ ಐದು ನಿಮಿಷದಿಂದ್ಲೇ ಇರ್ಬೇಕು ಕಣಪ್ಪ.

ನೈಟ್ ಶಿಫ್ಟ್
ಆಂಟಿ 😭

ಬೀದಿ ವಕೀಲ
ತಮಾಷೆ ಇರ್ಲಿ, ಗಂಟೆ ವಿಷಯ ಬಂತಲ್ಲ, ಹೇಳ್ಬಿಡ್ತೀನಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಐಟಿ ಕಂಪನಿಗೂ ಫೈನಾನ್ಸ್ ಆಫೀಸಿಗೂ ಅದೇ. ದಿನಕ್ಕೆ 9 ಗಂಟೆ, ವಾರಕ್ಕೆ 48 ಅಂತ ಅದ್ರಲ್ಲಿರೋದು, ಮೇಲೆ ಮಾಡ್ಸಿದ್ರೆ ಡಬಲ್ ಕೂಲಿ. 2024ರಲ್ಲಿ ಐಟಿಯವ್ರಿಗೆ ದಿನಕ್ಕೆ 14 ಗಂಟೆ ಮಾಡೋ ಪ್ರಸ್ತಾವ ಬಂದಾಗ ಐಟಿ ನೌಕರರ ಯೂನಿಯನ್ನು ಬೀದಿಗಿಳಿದು ಗಲಾಟೆ ಮಾಡ್ತು, ನೆನಪಿರ್ಬೇಕು. ಅದೇ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಸತತ ಕೆಲ್ಸ ಮಾಡಿದೋರನ್ನ ಸಕಾರಣ ಇಲ್ದೆ, ಒಂದು ತಿಂಗಳ ನೋಟಿಸ್ ಇಲ್ದೆ ತೆಗೆಯೋ ಹಾಗಿಲ್ಲ. ಹಾಗಂತ ಕಾಗದದಲ್ಲಿದೆ ಅಂತ ಎದೆ ಉಬ್ಬಿಸ್ಕೊಂಡು ಹೋಗ್ಬೇಡಿ, ಹೊರಗೆ ತಿರುಗೋ ಫೀಲ್ಡ್ ಸ್ಟಾಫಿಗೆ ಈ ಗಂಟೆ ಲೆಕ್ಕ ಅನ್ವಯಿಸಲ್ಲ ಅಂತ ಕಂಪನಿ ವಕೀಲರು ವಾದ ಮಾಡ್ತಾರೆ, ತಿಂಗಳುಗಟ್ಟಲೆ ಎಳೀತಾರೆ.

ಮ್ಯೂನಿಕ್ ಕನ್ನಡಿಗ
ಇಲ್ಲಿ ಜರ್ಮನೀಲಿ ನೌಕರರೇ ಓಟ್ ಹಾಕಿ ಆರಿಸೋ ಮಂಡಳಿ ಇರುತ್ತೆ, ಬೆಟ್ರೀಬ್ಸ್‌ರಾಟ್ ಅಂತಾರೆ. ಯಾರನ್ನಾದ್ರೂ ವಜಾ ಮಾಡೋ ಮುಂಚೆ ಕಂಪನಿ ಆ ಮಂಡಳಿ ಮಾತು ಕೇಳ್ಲೇಬೇಕು, ಕೇಳ್ದೆ ತೆಗೆದ್ರೆ ಆ ವಜಾನೇ ಅಸಿಂಧು. ಹುಷಾರಿಲ್ಲ ಅಂದ್ರೆ ಆರು ವಾರದವರೆಗೂ ಪೂರ್ತಿ ಸಂಬಳ. ನಮ್ಮ ಮ್ಯಾನೇಜರ್ ಸಂಜೆ ಆರರ ಮೇಲೆ ಮೆಸೇಜ್ ಹಾಕಿದ್ರೆ ಬೆಳಿಗ್ಗೆ ಅವ್ರೇ ಸಾರಿ ಕೇಳ್ತಾರೆ.

ಹುಬ್ಳಿ ಮಂದಿ
ಭಾಳ ಸಂತೋಷ ಆತ್ರಿ ಕೇಳಿ. ಹುಡುಗ ಹರಿಹರದಾಗ ಅದಾನ.

ಪೀಣ್ಯ ಅಕ್ಕ
ನಾನು ಮಂಡ್ಯ ಕಡೆಯೋಳು, ಬೆಂಗ್ಳೂರಿಗೆ ಬಂದು ಗಾರ್ಮೆಂಟ್ಸಲ್ಲಿ ಹೆಲ್ಪರ್ ಆಗಿ ಸೇರ್ಕಂಡು ಟೈಲರ್ ಆದೆ. ಮ್ಯಾನೇಜರ್ ಬೈಯೋದು ಅಂದ್ರೆ ಏನು ಅಂತ ನೀವ್ಯಾರೂ ಕೇಳಿಲ್ಲ ಬಿಡಿ. ಗಂಟೆಗಿಷ್ಟು ಪೀಸು ಅಂತ ಬೋರ್ಡಲ್ಲಿ ಬರೀತಾರೆ, ಒಂದು ಕಮ್ಮಿ ಆದ್ರೂ ಲೈನ್ ತುಂಬಾ ಕೇಳಂಗೆ ಬೈತಾರೆ, ಬಾತ್ರೂಮಿಗೆ ಹೋಗಕ್ಕೂ ಟೋಕನ್ ಇಸ್ಕಬೇಕು. ಟೋಕನ್ ಇನ್ನೊಬ್ಳ ಕೈಲಿದ್ರೆ ತಡ್ಕಂಡು ಕೂತ್ಕಬೇಕು. ನೀರು ಕುಡಿಯೋದೇ ಬಿಟ್ಬುಟ್ಟಿದ್ವಿ ನಾವೆಲ್ಲ, ಅದ್ರಿಂದ ಉರಿಮೂತ್ರ ಬರ್ದೇ ಇರೋಳು ಲೈನಲ್ಲಿ ಇರ್ಲಿಲ್ಲ.

ನಿಂಗೆ ನಾನ್ ಹೇಳೋದು ಒಂದೇ ಕಂದ, ಒಬ್ನೇ ಹೋಗ್ಬ್ಯಾಡ. ಒಬ್ಳೇ ಹೋಗಿ ಎಚ್‌ಆರ್ ಹತ್ರ ಹೇಳಿದ್ರೆ ಸಂಜೆ ಒಳಗೆ ಫ್ಲೋರ್ ಇನ್‌ಚಾರ್ಜಿಗೆ ಗೊತ್ತಾಗ್ತಿತ್ತು, ನಾಳೆಯಿಂದ ಅವ್ಳಿಗೆ ಕಷ್ಟದ ಆಪರೇಶನ್ನು, ಕಾಲರ್ರು, ಪಾಕೆಟ್ಟು. ಹತ್ತು ಜನ ಹೋದ್ರೆ ಯಾರಿಗ್ ಕೊಡ್ತಾನೆ ಕಾಲರ್ರು? 2016ರ ಏಪ್ರಿಲಲ್ಲಿ ಪಿಎಫ್ ದುಡ್ಡು ತೆಗಿಯಂಗಿಲ್ಲ ಅಂತ ಹೊಸ ರೂಲ್ ಬಂದಾಗ ಹಿಂಗೇ ಆಗಿದ್ದು, ಯಾವ ಲೀಡರೂ ಕರೀಲಿಲ್ಲ, ಹೊಸೂರು ರೋಡು, ತುಮಕೂರು ರೋಡು ಎಲ್ಲಾ ಹೆಣ್ಮಕ್ಳೇ. ಎರಡೇ ದಿನಕ್ಕೆ ಡೆಲ್ಲಿಯೋರು ಆ ರೂಲ್ ವಾಪಸ್ ತಗಂಡ್ರು. ನಿಮ್ ಬ್ರಾಂಚಲ್ಲಿ ಇನ್ನೆಷ್ಟು ಜನ ಹುಡುಗ್ರಿದಾರೆ?

ಹರಿಹರದ ಹುಡ್ಗ
ಅಕ್ಕ ನಾವು ಏಳು ಜನ ಇದೀವಿ. ಎಲ್ರೂ ಕೈಯಿಂದ ಹಾಕಿದಾರೆ, ರೂಮಲ್ಲಿ ಕೂತ್ಕೊಂಡ್ರೆ ಇದೇ ಮಾತು. ಆದ್ರೆ ಬಿಎಂ ಮುಂದೆ ಯಾರೂ ಬಾಯಿ ಬಿಡಲ್ಲ, ಒಬ್ಬ ಅಂತೂ ಇಲ್ಲಿ ಮಾತಾಡಿದ್ದು ಅಲ್ಲಿ ಹೇಳ್ತಾನೆ ಅಂತ ಡೌಟಿದೆ. ಲೊಕೇಶನ್‌ಗೆ ಏನಾದ್ರೂ ಐಡಿಯಾ ಇದ್ಯಾ? ಒಬ್ಬ ಫ್ರೆಂಡು ಸುಳ್ಳು ಲೊಕೇಶನ್ ತೋರ್ಸೋ ಆ್ಯಪ್ ಹಾಕ್ಕೋ ಅಂದ.

ಗುರು ಶಿವಮೊಗ್ಗ
ನಾನು ಫೋನನ್ನ ಹಳ್ಳಿ ಕಿರಾಣಿ ಅಂಗಡೀಲಿ ಚಾರ್ಜಿಗಿಟ್ಟು ಹೊಳೇಲಿ ಈಜಾಡ್ಕೊಂಡು ಬರ್ತಿದ್ದೆ. ಮೆಡಿಕಲ್ ರೆಪ್ ಆಗಿದ್ದಾಗ.

ಹಳೇ ಬಿಎಂ
ಶಿವಮೊಗ್ಗದವ್ರ ಮಾತು ಕೇಳ್ಬೇಡ. ಆ ಸುಳ್ಳು ಲೊಕೇಶನ್ ಆ್ಯಪ್ ಅಂತೂ ಹಾಕ್ಲೇಬೇಡ. ಇವತ್ತು ತಪ್ಪು ಅವ್ರದಿದೆ, ಅದು ಸಿಕ್ಕಿಬಿದ್ರೆ ತಪ್ಪು ನಿಂದಾಗುತ್ತೆ, ಮೋಸ ಮಾಡ್ದ ಅಂತ ಟರ್ಮಿನೇಟ್ ಮಾಡ್ತಾರೆ. ಈ ಲೈನಲ್ಲಿ ಇನ್ನೊಂದು ಕಂಪನಿಗೆ ಹೋದ್ರೆ ಹಳೇ ಕಂಪನಿ ರೆಫರೆನ್ಸ್ ಕೇಳೇ ಕೇಳ್ತಾರೆ.

ಕೈಯಿಂದ ಹಾಕೋದನ್ನ ಇವತ್ತೇ ನಿಲ್ಸು. ಯಾಕೆ ಅಂತ ಕೇಳು. ನೀನು ಕಟ್ಟಿದ ದುಡ್ಡು ಆ ಹೆಂಗಸ್ರ ಹೆಸ್ರಲ್ಲಿ ರಸೀದಿ ಆಗಿರುತ್ತೆ, ಕಂಪನಿ ಲೆಕ್ಕದಲ್ಲಿ ಅವ್ರೇ ಕಟ್ಟಿದಾರೆ. ನಾಳೆ ನೀನು ಹೋಗಿ ಅವ್ರ ಹತ್ರ ಕೇಳಿದ್ರೆ ಅದು ನಿನ್ ಸ್ವಂತ ಕೈಸಾಲದ ವಸೂಲಿ, ಕಂಪನಿಗೆ ಸಂಬಂಧ ಇಲ್ಲ. ಆಡಿಟ್ ಬಂದು "ಬಾರೋವರ್ ಕಟ್ಟಿಲ್ಲ, ರಸೀದಿ ಹೆಂಗ್ ಬಂತು" ಅಂದ್ರೆ ನಕಲಿ ಎಂಟ್ರಿ ಅಂತ ನಿನ್ನೇ ಹಿಡೀತಾರೆ. ಬಿಎಂಗೆ ಬೇಕಾಗಿರೋದು ಸಂಜೆ ಶೀಟಲ್ಲಿ ಓಡಿ ಸೊನ್ನೆ ಕಾಣೋದು ಅಷ್ಟೇ.

ಬೀದಿ ವಕೀಲ
ಇದು ಸರಿಯಾದ ಮಾತು. ಸಂಬಳದಲ್ಲಿ ಹಿಡ್ಕೊಳೋಕೂ ಕಾನೂನಲ್ಲಿ ಪಟ್ಟಿ ಇದೆ, ನೌಕರನ ವಶದಲ್ಲಿದ್ದ ದುಡ್ಡು ಅವ್ನ ಅಜಾಗರೂಕತೆಯಿಂದ ಕಳೆದ್ರೆ ಹಿಡೀಬಹುದು. ಸಾಲಗಾರ ಕಟ್ಲಿಲ್ಲ ಅಂದ್ರೆ ಅದು ಕಂಪನಿಯ ವ್ಯಾಪಾರದ ನಷ್ಟ, ನಿಮ್ ಜೇಬಿಂದಲ್ಲ.

ಕುಡ್ಲದವ
ಆರ್‌ಬಿಐ ಓಂಬುಡ್ಸ್‌ಮನ್‌ಗೆ (ದೂರು ಕೇಳುವ ಅಧಿಕಾರಿ) ಒಂದು ಕಂಪ್ಲೇಂಟ್ ಹಾಕಿದರೆ ಆಗುವುದಿಲ್ವಾ? ಆನ್‌ಲೈನ್ ಉಂಟಲ್ಲ.

ಬೀದಿ ವಕೀಲ
ಅದು ಗ್ರಾಹಕರಿಗೆ. ನೌಕರ ಮತ್ತು ಮಾಲೀಕರ ನಡುವಿನ ತಕರಾರು ಅಲ್ಲಿ ತಗೊಳಲ್ಲ. ಸಂಘದ ಮಗಳು ಬೇಕಾದ್ರೆ ಅಮ್ಮನ ಪರವಾಗಿ ಹಾಕ್ಬಹುದು, ಮೊದ್ಲು ಕಂಪನಿಗೆ ಲಿಖಿತ ದೂರು ಕೊಟ್ಟು, ಅವ್ರು 30 ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಂದ್ರೆ. ಹುಡುಗ ಹೋಗ್ಬೇಕಾಗಿರೋದು ದಾವಣಗೆರೆ ಕಾರ್ಮಿಕ ಅಧಿಕಾರಿ ಕಚೇರಿಗೆ. "ನೀನು ಆಫೀಸರ್, ಕಾರ್ಮಿಕ ಅಲ್ಲ" ಅಂತ ಕಂಪನಿ ಹೇಳ್ಬಹುದು, ಕಾರ್ಡಲ್ಲಿ ಏನ್ ಬರ್ದಿದೆ ಅನ್ನೋದಕ್ಕಿಂತ ಕೈಯಲ್ಲಿ ಏನ್ ಕೆಲ್ಸ ಮಾಡ್ತಾನೆ ಅನ್ನೋದನ್ನ ನೋಡ್ತಾರೆ.

ಎಫ್‌ಡಿಎ ಸಾಹೇಬ
ನಮ್ ಸರ್ಕಾರಿ ಕಡೆ ಅನುಭವ ಹೇಳ್ತೀನಿ. ನಮ್ಮ ಹಳೇ ಮೇಲಧಿಕಾರಿ ಬಾಯಲ್ಲಿ ಹೇಳಿ ಫೈಲ್ ಮಾಡಿಸ್ಕೊಳೋರು, ಆಕ್ಷೇಪಣೆ ಬಂದ್ರೆ "ನಾನ್ ಹೇಳಿಲ್ಲ, ಕೇಸ್ ವರ್ಕರ್ ಮಾಡಿದಾನೆ" ಅನ್ನೋರು. ಆಮೇಲಿಂದ ನಾನು ಟಿಪ್ಪಣೀಲೇ ಬರೀತಿದ್ದೆ, "ತಾವು ಮೌಖಿಕವಾಗಿ ಸೂಚಿಸಿದಂತೆ ಮಂಡಿಸಿದೆ" ಅಂತ. ಆ ಒಂದು ಸಾಲು ನೋಡಿದ್ರೆ ಸಾಹೇಬ್ರಿಗೆ ಬಿಪಿ. ಹಸಿರು ಇಂಕಿನ ಪೆನ್ ಎತ್ತಿ ಎತ್ತಿ ಕೆಳಗಿಡೋರು, ಸಹಿ ಬೀಳ್ತಿರ್ಲಿಲ್ಲ. ಸೇಡಿಗೆ ಕಾರ್ಯನಿರ್ವಹಣಾ ವರದೀಲಿ ಷರಾ ಬರೆದ್ರು. ಆದ್ರೆ 2008ರಲ್ಲಿ ದೇವ್ ದತ್ ಕೇಸಲ್ಲಿ ಸುಪ್ರೀಂ ಕೋರ್ಟು ಪ್ರತಿಯೊಂದು ಷರಾನೂ ನೌಕರನಿಗೆ ತಿಳಿಸ್ಬೇಕು ಅಂತ ಹೇಳಿಯಾಗಿದೆ, ನಾನು ಮನವಿ ಹಾಕಿದೆ, ಆ ಷರಾ ಹೋಯ್ತು. ಹರಿಹರದ ಹುಡ್ಗ, ನೀನೂ ಇದೇ ಮಾಡು, ಫೋನ್ ಇಟ್ಟ ತಕ್ಷಣ ಒಂದು ಮೇಲ್.

ಮಲ್ಲೇಶ್ವರಂ ಆಂಟಿ
ನಿಮ್ಗೇನಪ್ಪ, ತೆಗೆಯೋಕಾಗಲ್ಲ. ಷರಾ ಬರೆದ್ರೂ ಒಂದನೇ ತಾರೀಖು ಸಂಬಳ.

ಎಫ್‌ಡಿಎ ಸಾಹೇಬ
ಆಂಟಿ, ಬೀದರ್‌ಗೆ ಹಾಕ್ತೀನಿ ಅಂತ ಹೆದ್ರಿಸ್ತಾರೆ ನಮ್ಗೆ, ಅದೂ ಗೊತ್ತಿರ್ಲಿ.

ಬೀದರ್ ಅಣ್ಣ
ನಮ್ ಊರ ಏನ್ ಜೈಲ್ ಅದ ಏನ್ರಿ? ಬರ್ರಿ ಒಮ್ಮಿ, ಚಳಿಗಾಲದಾಗ ಬರ್ರಿ, ಹೋಗಂಗಿಲ್ಲ ಅಂತೀರಿ.

ಎಫ್‌ಡಿಎ ಸಾಹೇಬ
ತಪ್ ತಿಳ್ಕೋಬೇಡಿ ಅಣ್ಣ, ದೂರ ಅಂತ ಅಷ್ಟೇ.

ಜಯನಗರ 4ನೇ ಬ್ಲಾಕ್
ಈ ಕಾಟ ಕೊಡೋ ಮ್ಯಾನೇಜರ್‌ಗಳೆಲ್ಲಾ ಹೊರಗಡೆಯಿಂದ ಬಂದೋರು, ಕನ್ನಡ ಬರಲ್ಲ, ನಮ್ಮೋರ ಕಷ್ಟ ಅರ್ಥ ಆಗಲ್ಲ.

ಹರಿಹರದ ಹುಡ್ಗ
ಸಾರ್ ನಮ್ ಬಿಎಂ ಚನ್ನಗಿರಿಯೋರು.

ಪಂಚಾಯ್ತಿ ಕಟ್ಟೆ (ನಿರ್ವಾಹಕರು)
ಭಾಷೆ ಜಗಳ ಬೇರೆ ಕಡೆ ಮಾಡ್ಕೊಳ್ಳಿ. ಇಲ್ಲಿ ಮುಂದುವರಿಸಿದ್ರೆ ಡಿಲೀಟ್.

ಲೆಕ್ಕದ ಮೇಷ್ಟ್ರು
ಮಾರ್ಕ್ಸ್ ಕಾರ್ಡ್ ವಿಷಯ ಯಾರೂ ಸರಿಯಾಗಿ ಹೇಳ್ಲಿಲ್ಲ, ಹುಡುಗನ ಕೊರಳಿಗೆ ಹಗ್ಗ ಹಾಕಿರೋದೇ ಅದು. ಎಸೆಸೆಲ್ಸಿ, ಪಿಯುಸಿದು ಪರೀಕ್ಷಾ ಮಂಡಳಿಯಿಂದ ದ್ವಿತೀಯ ಪ್ರತಿ ಸಿಗುತ್ತೆ, ಓದಿದ ಶಾಲೆ ಕಾಲೇಜಿನ ಮೂಲಕ ಅರ್ಜಿ ಹಾಕ್ಬೇಕು. ಡಿಗ್ರಿದು ಯೂನಿವರ್ಸಿಟಿ ಪರೀಕ್ಷಾಂಗ ವಿಭಾಗದಲ್ಲಿ. ಈಗ ಡಿಜಿಲಾಕರಲ್ಲೂ ಸುಮಾರು ಸಿಗುತ್ತೆ, ಮೊದ್ಲು ಅಲ್ಲಿ ನೋಡು. ಒಂದು ಎಚ್ಚರಿಕೆ, "ಕಳೆದುಹೋಗಿದೆ" ಅಂತ ಪೊಲೀಸ್ ಸ್ಟೇಷನ್ನಲ್ಲಿ ಸುಳ್ಳು ಬರ್ಕೊಡ್ಬೇಡ, ಕಂಪನಿ ನಮ್ಮ ಹತ್ರ ಇದೆ ಅಂತ ತೋರಿಸಿದ್ರೆ ನಿಂಗೇ ತೊಂದ್ರೆ. ಅದಕ್ಕೇ ಮೊದ್ಲು ಕಂಪನಿಗೆ ಮೇಲ್ ಹಾಕು, ಇಂಥ ದಿನ ಇಂಥ ಇಂಥ ಒರಿಜಿನಲ್ ಕೊಟ್ಟಿದ್ದೆ, ವಾಪಸ್ ಕೊಡಿ ಅಂತ. ಸೇರುವಾಗ ಸ್ವೀಕೃತಿ ಏನಾದ್ರೂ ಕೊಟ್ಟಿದ್ರಾ?

ಹರಿಹರದ ಹುಡ್ಗ
ಒಂದು ಪ್ರಿಂಟೆಡ್ ಫಾರಂ ಇದೆ ಸಾರ್, ಸೀಲಿಲ್ಲ, ಎಚ್‌ಆರ್ ಸಹಿ ಇದೆ. ಫೋಟೋ ತೆಗ್ದಿಟ್ಕೊಂಡಿದೀನಿ.

ಲೆಕ್ಕದ ಮೇಷ್ಟ್ರು
ಬಂಗಾರ ಅದು. ಮೇಲಿಗೆ ಅಟ್ಯಾಚ್ ಮಾಡು. ರಾಜೀನಾಮೆನೂ ಬಾಯಲ್ಲಿ ಹೇಳ್ಬೇಡ, ಬಿಎಂಗೂ ಹೆಡ್ ಆಫೀಸ್ ಎಚ್‌ಆರ್‌ಗೂ ಮೇಲ್, ಜೊತೆಗೆ ರಿಜಿಸ್ಟರ್ಡ್ ಪೋಸ್ಟು ಅಕ್ನಾಲೆಡ್ಜ್‌ಮೆಂಟ್ ಜೊತೆ. ಆಫರ್ ಲೆಟರಲ್ಲಿ ನೋಟಿಸ್ ಎಷ್ಟಿದ್ಯೋ ಅಷ್ಟು ದಿನ ಅಲ್ಲಿಂದ ಎಣಿಸ್ಕೋ. ಅಷ್ಟು ದಿನಾನೂ ಡ್ಯೂಟಿಗೆ ಹೋಗು, ಹೋಗ್ದೆ ಕೂತ್ರೆ ಪರಾರಿ ಅಂತ ಬರೀತಾರೆ. ಕ್ಯಾಶು, ಟ್ಯಾಬು, ರಸೀದಿ ಬುಕ್ಕು ಎಲ್ಲಾ ಲಿಸ್ಟ್ ಮಾಡಿ ಸಹಿ ಹಾಕ್ಸಿ ವಾಪಸ್ ಕೊಡು. ಪಿಎಫಲ್ಲಿ ಬಿಟ್ಟ ತಾರೀಖು ಅವ್ರು ಹಾಕ್ಲಿಲ್ಲ ಅಂದ್ರೂ ಎರಡು ತಿಂಗಳಾದ್ಮೇಲೆ ಪೋರ್ಟಲಲ್ಲಿ ನೀನೇ ಹಾಕ್ಕೋಬಹುದು, ಅದಕ್ಕೆ ಅವ್ರ ಕಾಲು ಹಿಡಿಯೋದು ಬೇಡ.

ನೈಟ್ ಶಿಫ್ಟ್
ಮೇಷ್ಟ್ರೇ ನಂಗೂ 90 ದಿನ ನೋಟಿಸ್ ಇದೆ, ಒಂದ್ಸಲ ಪರ್ಸನಲ್ ಮೆಸೇಜ್ ನೋಡಿ ಪ್ಲೀಸ್

ಸಂಘದ ಮಗಳು
ಮೇಲೆ ನಾನು ಸ್ವಲ್ಪ ಜೋರಾಗೇ ಬರ್ದೆ. ಬರ್ದಿದ್ದು ವಾಪಸ್ ತಗೊಳಲ್ಲ. ಆದ್ರೆ ನಿಮ್ಮಂಥ ಕಂಪನಿಯೋರಲ್ಲೂ ಒಬ್ರು ನಮ್ಮಮ್ಮನ ಹತ್ರ "ಅಕ್ಕ ಈ ವಾರ ಆಗಲ್ಲ ಅಂತ ಒಂದು ಕಾಗದದಲ್ಲಿ ಬರ್ದು ಹೆಬ್ಬೆಟ್ಟು ಹಾಕ್ಕೊಡಿ, ನಾನು ಅದನ್ನೇ ಬ್ರಾಂಚಿಗೆ ಕೊಡ್ತೀನಿ" ಅಂದಿದ್ರು. ಅವತ್ತು ಯಾರೂ ಮನೆ ಮುಂದೆ ಕೂರ್ಲಿಲ್ಲ. ನೀವೂ ಹಂಗೆ ಮಾಡ್ಬಹುದಲ್ಲ ಅಣ್ಣ.

ಹಳೇ ಬಿಎಂ
ಆ ಹುಡುಗ ಬುದ್ಧಿವಂತ. ಕಾಗದ ಇದ್ರೆ ಫೈಲಲ್ಲಿ "ವಿಸಿಟ್ ಮಾಡಿದೆ, ಕಾರಣ ಇಂಥದ್ದು" ಅಂತ ಆಗುತ್ತೆ, ಕೆಲ್ಸ ಮಾಡಿಲ್ಲ ಅನ್ನೋ ಹಾಗಿಲ್ಲ.

ಡಾಕ್ಟ್ರಮ್ಮ ಧಾರವಾಡ
ಹುಡುಗ ನಿದ್ದೆ ಹೋಯ್ತು ಅಂತ ಮೊದಲನೇ ಪೋಸ್ಟಲ್ಲೇ ಬರ್ದಾನ, ಎಲ್ಲಾರೂ ಸೆಕ್ಷನ್ ಹೇಳ್ಕೊಂತ ಕೂತೀರಿ. ತಮ್ಮಾ, ನಿದ್ದಿ ಬರ್ಲಾರ್ದು, ಫೋನ್ ರಿಂಗಾದ್ರ ಎದಿ ಢವಢವ ಅನ್ನೂದು, ಊಟ ಸೇರ್ಲಾರ್ದು ಎರಡು ವಾರದ ಮ್ಯಾಲೆ ನಡ್ದಿದ್ರ ಸರ್ಕಾರಿ ಆಸ್ಪತ್ರಿ ಮನೋರೋಗ ವಿಭಾಗಕ್ಕ ಒಮ್ಮಿ ತೋರ್ಸು, ನಾಚ್ಕಿ ಏನಿಲ್ಲ. ಹೋಗಾಕ ಆಗಂಗಿಲ್ಲ ಅಂದ್ರ 14416ಕ್ಕ ಫೋನ್ ಹಚ್ಚು, ಟೆಲಿ ಮಾನಸ್ ಅಂತ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ, ರಾತ್ರೀನೂ ಇರ್ತಾರ.

ಹರಿಹರದ ಹುಡ್ಗ
ಥ್ಯಾಂಕ್ಸ್ ಡಾಕ್ಟ್ರೇ. ಎಲ್ರಿಗೂ ಥ್ಯಾಂಕ್ಸ್, ಇಷ್ಟು ಜನ ಬರೀತೀರ ಅನ್ಕೊಂಡಿರ್ಲಿಲ್ಲ. ಇವತ್ತಿನ ವಿಷ್ಯ ಹೇಳ್ತೀನಿ. ಸಂಜೆ ಬಿಎಂ ಫೋನ್ ಮಾಡಿ ಒಂದು ಮನೆ ಹೆಸ್ರು ಹೇಳಿ ಅಲ್ಲೇ ಕೂತ್ಕೋ ಅಂದ್ರು. ನಾನು ಎಫ್‌ಡಿಎ ಸಾರ್ ಹೇಳಿದಂಗೆ ಮೇಲ್ ಹಾಕ್ದೆ, "ಸಂಜೆ 7.10ಕ್ಕೆ ತಾವು ಫೋನಿನಲ್ಲಿ ಸೂಚಿಸಿದಂತೆ ಸದಸ್ಯರ ಮನೆಗೆ ಈಗ ಹೋಗಬೇಕೇ, ಆರ್‌ಬಿಐ ನಿಯಮದ ಪ್ರಕಾರ 6ರ ನಂತರ ಹೋಗಬಹುದೇ, ದಯವಿಟ್ಟು ಖಚಿತಪಡಿಸಿ" ಅಂತ, ಎಚ್‌ಆರ್‌ಗೆ ಸಿಸಿ. ಎರಡೇ ನಿಮಿಷಕ್ಕೆ ಫೋನ್ ಬಂತು, ಬಾಯಿಗ್ ಬಂದಂಗ್ ಬೈದ್ರು, "ನಂಗೇ ಕಾನೂನು ಹೇಳ್ಕೊಡ್ತೀಯೇನೋ" ಅಂತ. ಕೊನೆಗೆ ಮನೆಗೆ ಹೋಗು ಇವತ್ತು ಬೇಡ ಅಂದ್ರು. ಮೇಲಿಗೆ ರಿಪ್ಲೈ ಇಲ್ಲ. ಈಗ ರೂಮಲ್ಲಿ ಇಬ್ರು ಆ ಮೇಲ್ ನಂಗೂ ಫಾರ್ವರ್ಡ್ ಮಾಡೋ ಅಂತ ಕೇಳ್ತಿದಾರೆ. ಕೊಡ್ಲಾ?

ಪೀಣ್ಯ ಅಕ್ಕ
ಕೊಡು ಕಂದ. ಹೆಸ್ರು ತೆಗ್ದು ಕೊಡು.

ಹುಬ್ಳಿ ಮಂದಿ
ಆ ಡೌಟ್ ಇರೋ ಹುಡುಗಗೂ ಕೊಡು. ಅಂವಾ ಹೋಗಿ ಬಿಎಂಗೆ ಹೇಳ್ಲಿ, ಏಳೂ ಮಂದಿ ಬರಿಯಾಕತ್ತಾರ ಅಂತ.

ಬೀದಿ ವಕೀಲ
ನಾಳೆ ಎಚ್‌ಆರ್‌ನಿಂದ "ಚರ್ಚೆಗೆ ಬನ್ನಿ" ಅಂತ ಕರೆ ಬರ್ಬಹುದು. ಹೋಗು, ಆದ್ರೆ ಅಲ್ಲಿ ಯಾವ ಕಾಗದಕ್ಕೂ ಅಲ್ಲೇ ಸಹಿ ಹಾಕ್ಬೇಡ, ಓದೋಕೆ ಒಂದಿನ ಟೈಮ್ ಕೊಡಿ ಅನ್ನು. ಖಾಲಿ ಹಾಳೆ, ಖಾಲಿ ಚೆಕ್ ಅಂತೂ ಕೊಡ್ಲೇಬೇಡ.

ಹರಿಹರದ ಹುಡ್ಗ
ಸಾರ್ ಚೆಕ್ ಸೇರುವಾಗ್ಲೇ ಎರಡು ಇಸ್ಕೊಂಡಿದಾರಲ್ಲ 😐

ಬೀದಿ ವಕೀಲ
ಅದನ್ನ ಈಗ ಹೇಳ್ತೀಯಲ್ಲಪ್ಪ! ಸಹಿ ಮಾಡಿ ಕೊಟ್ಟಿದೀಯಾ? ಯಾವ ಬ್ಯಾಂಕು, ನಂಬರ್ ಬರ್ದಿಟ್ಕೊಂಡಿದೀಯಾ? ಪರ್ಸನಲ್ ಮೆಸೇಜ್ ಮಾಡು ಈಗ್ಲೇ.